57 ಸುರಂಗ, ಒಂದು ಕಿಟಕಿ ಸೀಟು

ನಮ್ಮ ಅತ್ತೆಯ ಹತ್ತಿರ ಒಂದು ಪಟ್ಟಿ ಇದೆ. ಕುಕ್ಕೆ, ಧರ್ಮಸ್ಥಳ, ಹೊರನಾಡು, ಶೃಂಗೇರಿ, ಕೊಲ್ಲೂರು, ಉಡುಪಿ. "ಹೋಗೋದೇ ಹೋಗ್ತೀವಿ, ಎಲ್ಲಾ ಮುಗಿಸಿಕೊಂಡೇ ಬರೋಣ" ಅನ್ನುವುದು ಅವರ ವಾದ. ಎರಡು ವರ್ಷದ ಹಿಂದೆ ಆ ಮಾತು ಕೇಳಿ ಕಾರು ಮಾಡಿಕೊಂಡು ಹೊರಟೆವು. ಮೂರು ದಿನ, ಆರು ದೇವಸ್ಥಾನ. ಆಗುಂಬೆಯಲ್ಲಿ 14 ತಿರುವು ಅಂತಾರಲ್ಲ, ಏಳನೆಯದಕ್ಕೆ ಮಗ ವಾಂತಿ ಮಾಡಿದ. ಅವನನ್ನು ನೋಡಿ ಒಂಬತ್ತನೆಯದಕ್ಕೆ ಮಗಳು. ಅವರಿಬ್ಬರನ್ನೂ ನೋಡಿ ಕೊನೆಯ ತಿರುವಿಗೆ ನಮ್ಮವರು. ಮನೆಗೆ ಬಂದ ಮೇಲೆ ಮಗನನ್ನು "ಯಾವ ದೇವಸ್ಥಾನ ಇಷ್ಟ ಆಯ್ತು?" ಅಂತ ಕೇಳಿದೆ. "ಲಿಫ್ಟ್ ಇತ್ತಲ್ಲ, ಅದು" ಅಂದ. ಅದು ನಾವು ಉಳಿದುಕೊಂಡಿದ್ದ ಲಾಡ್ಜ್.

ಅವತ್ತೇ ತೀರ್ಮಾನ ಮಾಡಿದೆ. ಇನ್ನು ಮುಂದೆ ಒಂದು ಸಲಕ್ಕೆ ಎರಡೇ ದೇವಸ್ಥಾನ. ಹೋಗುವುದು ರೈಲಿನಲ್ಲಿ. ಕುಕ್ಕೆ ಮತ್ತು ಧರ್ಮಸ್ಥಳ, ಸಾಕು.

ಅತ್ತೆಯನ್ನು ಒಪ್ಪಿಸುವುದಕ್ಕೆ ಒಂದು ವಾರ ಹಿಡಿಯಿತು. "ಬಾಕಿ ನಾಲ್ಕು ದೇವರು ಏನಂದುಕೊಳ್ಳಲ್ಲ?" ಅಂದರು. "ಅವರಿಗೆ ಮುಂದಿನ ವರ್ಷದ ಡೇಟ್ ಕೊಟ್ಟಿದ್ದೀನಿ ಅತ್ತೆ" ಅಂದೆ. ಒಂದು ನಿಮಿಷ ನನ್ನ ಮುಖ ನೋಡಿ ನಕ್ಕುಬಿಟ್ಟರು. ನಕ್ಕರೆ ಒಪ್ಪಿದ ಹಾಗೆ.

ಟಿಕೆಟ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ರೈಲಿಗೆ 60 ದಿನ ಮುಂಚೆ ಬುಕಿಂಗ್ ಶುರುವಾಗುತ್ತದೆ. ದಸರಾ ರಜೆ, ಹಾಗಾಗಿ ಮೊದಲ ದಿನವೇ ಕೂತು ಮಾಡಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಮಗಳಿಗೆ ನಾಲ್ಕು. ದುಡ್ಡು ಉಳಿಯಿತು ಅಂತ ನಾಲ್ಕೇ ಸೀಟು ಮಾಡಿದೆ. ಟಿಕೆಟ್ ಇಲ್ಲದಿದ್ದರೆ ಸೀಟೂ ಇಲ್ಲ ಅನ್ನುವುದು ಗೊತ್ತಿತ್ತು. ಆದರೆ ನಾಲ್ಕು ಸೀಟಿನಲ್ಲಿ ಕಿಟಕಿ ಪಕ್ಕದ್ದು ಒಂದೇ ಬಂತು. ಮಕ್ಕಳು ಇಬ್ಬರು. ಮುಂದಿನದ್ದು ನೀವೇ ಊಹಿಸಿ.

ಈ ದಾರಿಯಲ್ಲಿ ಗಾಜಿನ ವಿಸ್ಟಾಡೋಮ್ ಬೋಗಿ ಇರುವ ರೈಲೂ ಇದೆ. ನೋಡುವುದಕ್ಕೆ ಚೆನ್ನ. ಆದರೆ ಮುಖಕ್ಕೆ ಗಾಳಿ ಬಡಿಯದ ಕಿಟಕಿಗೆ ನನ್ನ ಮಕ್ಕಳು ಕಿಟಕಿ ಅನ್ನುವುದಿಲ್ಲ. ಸುಮ್ನೆ ಕಂಬಿ ಇರುವ ಮಾಮೂಲಿ ಸೀಟೇ ಸಾಕು ಅಂದುಕೊಂಡೆವು.

ಬೆಳಿಗ್ಗೆ ಏಳರ ಹೊತ್ತಿಗೆ ಯಶವಂತಪುರ ಬಿಟ್ಟೆವು. ನೆಲಮಂಗಲ ದಾಟುವ ಮುಂಚೆಯೇ ಕಿಟಕಿ ಜಗಳ ಶುರು. ಕುಣಿಗಲ್‌ವರೆಗೆ ಮಗಳು, ಚನ್ನರಾಯಪಟ್ಟಣದವರೆಗೆ ಮಗ ಅಂತ ಸ್ಟೇಷನ್ ಲೆಕ್ಕದಲ್ಲಿ ಹಂಚಿದೆ. "ಅವನ ಊರು ದೊಡ್ಡದು, ನನ್ನ ಊರು ಚಿಕ್ಕದು" ಅಂತ ಮಗಳು ಅತ್ತಳು. ಹಾಸನದಲ್ಲಿ ಅತ್ತೆ ಬುತ್ತಿ ಬಿಚ್ಚಿದರು. ಹೊರಗಿನದು ಅವರು ಮುಟ್ಟುವುದಿಲ್ಲ. ಚಪಾತಿ, ಚಟ್ನಿಪುಡಿ, ಮೊಸರನ್ನ, ಕೋಡುಬಳೆ. ಬಾಯಿಗೆ ಕೆಲಸ ಸಿಕ್ಕಿದ ಮೇಲೆ ಸಕಲೇಶಪುರದವರೆಗೆ ಶಾಂತಿ.

ನಿಜವಾದ ಪ್ರಯಾಣ ಶುರುವಾಗುವುದು ಸಕಲೇಶಪುರದಿಂದ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ. ದೋಣಿಗಲ್, ಎಡಕುಮೇರಿ, ಶಿರಿಬಾಗಿಲು. 57 ಸುರಂಗ, ಅದಕ್ಕಿಂತ ಜಾಸ್ತಿ ಸೇತುವೆ. ರೈಲು ಅಜ್ಜಂದಿರು ಮೆಟ್ಟಿಲು ಇಳಿಯುವ ಹಾಗೆ ನಿಧಾನವಾಗಿ ಇಳಿಯುತ್ತದೆ. ಇದಕ್ಕೆ ಮನೆಯಲ್ಲೇ ಒಂದು ಉಪಾಯ ಮಾಡಿಕೊಂಡಿದ್ದೆ. ಎಲ್ಲರಿಗೂ ಒಂದೊಂದು ಕೆಲಸ. ಮಗ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಸುರಂಗ ಎಣಿಸಬೇಕು. ಮಗಳು ಸುರಂಗ ಬಂದಾಗ ಕಿರುಚಬೇಕು. ಅವಳಿಗೆ ಎಣಿಸುವುದಕ್ಕೆ ಬರುವುದು ಇಪ್ಪತ್ತರವರೆಗೆ ಮಾತ್ರ, ಕಿರುಚುವುದಕ್ಕೆ ಅಂಥ ಮಿತಿ ಇಲ್ಲ. ಅತ್ತೆಗೆ ಕೆಲಸ ಕೊಡುವ ಧೈರ್ಯ ನನಗಿರಲಿಲ್ಲ. ಅವರೇ ಚೀಲದಿಂದ ಜಪಮಾಲೆ ತೆಗೆದು, "ನಾನೂ ಎಣಿಸ್ತೀನಿ. ಒಂದು ಸುರಂಗಕ್ಕೆ ಒಂದು ಮಣಿ" ಅಂದರು.

ಮೊದಲ ಸುರಂಗ ಬಂತು. ಇಡೀ ಬೋಗಿಯ ಕಾಲೇಜು ಹುಡುಗರೆಲ್ಲ "ಓ..." ಅಂದರು. ನನ್ನ ಮಗಳಿಗೆ ಜೀವಮಾನದಲ್ಲೇ ಮೊದಲ ಸಲ ಕಿರುಚುವುದಕ್ಕೆ ಇಷ್ಟು ಜನ ಜೊತೆ ಸಿಕ್ಕಿದ್ದು. ಮೂರನೆಯ ಸುರಂಗದ ಹೊತ್ತಿಗೆ ಅವಳೇ ಲೀಡರ್. ಎರಡು ಸುರಂಗದ ಮಧ್ಯೆ ಬೆಳಕು ಬಂದಾಗ ಕೆಳಗೆ ಕಣಿವೆ, ಮಂಜು, ಎಲ್ಲಿಂದಲೋ ಬೀಳುವ ನೀರು. ಮತ್ತೆ ಕತ್ತಲೆ. "ಅಮ್ಮಾ, ರೈಲು ಕಣ್ಣು ಮುಚ್ಚಿ ತೆಗೆದು ಮಾಡ್ತಿದೆಯಾ?" ಅಂತ ಕೇಳಿದಳು. ಆ ಎರಡು ಗಂಟೆ ಕಿಟಕಿ ಯಾರದ್ದು ಅಂತ ಯಾರೂ ಕೇಳಲಿಲ್ಲ. ಇಬ್ಬರೂ ಒಂದೇ ಕಿಟಕಿಗೆ ಮೂಗು ಒತ್ತಿಕೊಂಡಿದ್ದರು.

ಇಳಿದಾಗ ಲೆಕ್ಕ ನೋಡಿದೆವು. ಮಗನದು 52. ಅತ್ತೆಯದು 56. "ಬುತ್ತಿ ಡಬ್ಬ ಮುಚ್ಚುವಾಗ ಒಂದು ಹೋಗಿರುತ್ತೆ ಅಮ್ಮ" ಅಂದರು ನಮ್ಮವರು. "ನನ್ನ ಮಾಲೆ ಸುಳ್ಳು ಹೇಳಲ್ಲ. ರೈಲ್ವೆಯವರೇ ಒಂದು ಜಾಸ್ತಿ ಬರ್ಕೊಂಡಿದ್ದಾರೆ" ಅಂತ ಅತ್ತೆ ಮಾಲೆಯನ್ನು ಹಾಗೇ ಚೀಲಕ್ಕೆ ಹಾಕಿದರು.

ಸ್ಟೇಷನ್ ಇರುವುದು ನೆಟ್ಟಣದಲ್ಲಿ. ದೇವಸ್ಥಾನಕ್ಕೆ ಅಲ್ಲಿಂದ ಸುಮಾರು 12 ಕಿಲೋಮೀಟರ್. ಹೊರಗೆ ಜೀಪು, ಬಸ್ಸು ಎರಡೂ ಸಿಗುತ್ತವೆ. ಅವತ್ತು ಏನೂ ನೋಡಲಿಲ್ಲ. ರೂಮಿಗೆ ಹೋಗಿ ಮಲಗಿದೆವು. ಹೋದ ಸಲ ಕಲಿತ ದೊಡ್ಡ ಪಾಠ ಇದೇ. ಮುಟ್ಟಿದ ದಿನ ಮಕ್ಕಳನ್ನು ಕ್ಯೂನಲ್ಲಿ ನಿಲ್ಲಿಸಬಾರದು.

ಮರುದಿನ ಬೆಳಿಗ್ಗೆ ಕುಮಾರಧಾರಾ ಸ್ನಾನ. ಮಳೆ ಮುಗಿದ ಹೊಸತು, ನೀರಿನಲ್ಲಿ ಸೆಳೆತ ಇತ್ತು. ಮೆಟ್ಟಿಲಿನಲ್ಲೇ ಕೂರಿಸಿ ಚೊಂಬಿನಲ್ಲಿ ಹುಯ್ದೆ. ದೇವಸ್ಥಾನದ ಬಾಗಿಲಿನಲ್ಲಿ ಗಂಡಸರು ಅಂಗಿ ತೆಗೆಯಬೇಕು. ಒಂಬತ್ತು ವರ್ಷದ ನಮ್ಮ ಮಹಾಶಯನಿಗೆ ನಾಚಿಕೆ. ಟವೆಲನ್ನು ಕತ್ತಿನಿಂದ ಮೊಣಕಾಲಿನವರೆಗೆ ಸುತ್ತಿಕೊಂಡು ಒಳಗೆ ಬಂದ. ಗರ್ಭಗುಡಿಯ ಎದುರು ಬೆಳ್ಳಿ ಹೊದಿಸಿದ ಗರುಡಗಂಬ ಇದೆ. ಒಳಗಿರುವ ವಾಸುಕಿಯ ಉಸಿರಿನ ವಿಷ ಭಕ್ತರಿಗೆ ತಾಗದಿರಲಿ ಅಂತ ಆ ಕಂಬ ಅನ್ನುತ್ತಾರೆ. ಅತ್ತೆ ಇದನ್ನು ಹೇಳಿದ್ದೇ ತಡ, ಮಗ ಟವೆಲ್ ಮರೆತ. "ಹಾವಿನ ಮನೆ ಬಾಗಿಲಲ್ಲಿ ಗರುಡನ ಕಂಬ! ಅಂದ್ರೆ ಸೆಕ್ಯೂರಿಟಿ ಗಾರ್ಡಾ ಅಜ್ಜಿ?" "ಹೂಂ, ಹಾಗೇ ಅಂತಿಟ್ಕೋ" ಅಂದರು ಅತ್ತೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯರು ತುಟಿ ಕಚ್ಚಿಕೊಂಡು ನಗು ತಡೆದರು.

ಆಶ್ಲೇಷ ಬಲಿ ಅತ್ತೆಯ ಹರಕೆ. ಸಂಕಲ್ಪಕ್ಕೆ ಗೋತ್ರ, ನಕ್ಷತ್ರ ಕೇಳಿದರು. ನಮ್ಮವರು ತಮ್ಮದು ಸರಿಯಾಗಿ ಹೇಳಿ, ನನ್ನ ನಕ್ಷತ್ರ ಬಂದಾಗ ಧೈರ್ಯವಾಗಿ ಅವರ ತಂಗಿಯದನ್ನು ಹೇಳಿದರು. ಮದುವೆಯಾಗಿ ಹನ್ನೊಂದು ವರ್ಷ. ಅತ್ತೆ ಹಿಂದಿನಿಂದಲೇ ತಿದ್ದಿದರು. ಮನೆಯಲ್ಲಿ ಐದೂ ಜನರ ನಕ್ಷತ್ರ, ಪಾದ, ರಾಶಿ ಬಾಯಿಪಾಠ ಇರುವುದು ಅವರಿಗೊಬ್ಬರಿಗೇ. ನಾನು ಐದೂ ಜನರ ಆಧಾರ್ ನಂಬರ್ ಇಟ್ಟುಕೊಂಡಿರುತ್ತೇನೆ. ಕೆಲಸ ಹಂಚಿಕೊಂಡಿದ್ದೇವೆ ಅಂದುಕೊಳ್ಳಿ.

ಕುಕ್ಕೆಯಲ್ಲಿ ಮೃತ್ತಿಕಾ ಪ್ರಸಾದ ಕೊಡುತ್ತಾರೆ. ಹುತ್ತದ ಮಣ್ಣು. ಮಗಳು ಪೊಟ್ಟಣ ಬಿಚ್ಚಿ ನೋಡಿ ನನ್ನನ್ನೇ ದಿಟ್ಟಿಸಿದಳು. ಮನೆಯಲ್ಲಿ ಕುಂಡದ ಮಣ್ಣು ಬಾಯಿಗೆ ಹಾಕಿದ್ದಕ್ಕೆ ಎಷ್ಟು ಸಲ ಬೈಸಿಕೊಂಡಿದ್ದಾಳೋ! "ದೇವರು ಕೊಟ್ಟರೆ ಮಣ್ಣು ಆಗುತ್ತಾ?" ಉತ್ತರ ಕೊಡುವ ಕಷ್ಟ ನನಗೆ ಬರಲಿಲ್ಲ. ಅತ್ತೆ ಚಿಟಿಕೆ ತೆಗೆದು ಅವಳ ಹಣೆಗಿಟ್ಟು, "ಇದು ತಿನ್ನೋದಲ್ಲ, ಹಚ್ಚಿಕೊಳ್ಳೋದು" ಅಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಅವಳು ನೆಲದಿಂದ ಒಂದು ಹಿಡಿ ಮಣ್ಣು ಎತ್ತಿ ಮುಷ್ಟಿಯಲ್ಲಿಟ್ಟುಕೊಂಡಿದ್ದು ನಾನು ನೋಡಲೇ ಇಲ್ಲ.

ಧರ್ಮಸ್ಥಳಕ್ಕೆ ಸಾಮಾನ್ಯ ಸಾರಿಗೆ ಬಸ್ಸು. ಶಕ್ತಿ ಯೋಜನೆಯಲ್ಲಿ ಅತ್ತೆಗೆ, ನನಗೆ ಶೂನ್ಯ ಟಿಕೆಟ್. ಗಂಡನಿಗೆ ಒಂದು, ಮಗನಿಗೆ ಅರ್ಧ. "ನೋಡೋ, ಈ ಮನೇಲಿ ದುಡ್ಡು ಕೊಟ್ಟು ಓಡಾಡೋರು ನೀವಿಬ್ಬರೇ" ಅಂತ ಅತ್ತೆ ಆ ಟಿಕೆಟನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಮಗಳು ಕಂಡಕ್ಟರ್ ಮುಂದೆ ಮುಷ್ಟಿ ಬಿಚ್ಚಿ "ಪ್ರಸಾದ ತಗೊಳ್ಳಿ" ಅಂದಳು. ಬಸ್ ಸ್ಟ್ಯಾಂಡ್ ಮಣ್ಣು! ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಆತ ಟಿಕೆಟ್ ಮಷಿನ್ ಎಡಗೈಗೆ ಬದಲಾಯಿಸಿ, ಬಲಗೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಹಣೆಗೂ ಹಚ್ಚಿಕೊಂಡು "ರೈಟ್, ರೈಟ್" ಅಂದರು. ಆ ಬೊಟ್ಟು ಧರ್ಮಸ್ಥಳದವರೆಗೂ ಅವರ ಹಣೆಯಲ್ಲಿತ್ತು.

ಧರ್ಮಸ್ಥಳದ ಕ್ಯೂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋಮವಾರ ತಪ್ಪಿಸಿ, ಮೊದಲು ಮಕ್ಕಳನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ, ಆಮೇಲೆ ನಿಲ್ಲಿ. ಅಷ್ಟೇ. ಅನ್ನಪೂರ್ಣ ಛತ್ರದಲ್ಲಿ ಮಾತ್ರ ಒಂದು ಆಶ್ಚರ್ಯ. ಮನೆಯಲ್ಲಿ ಸಾರು ಕಂಡರೆ ಮುಖ ತಿರುಗಿಸುವ ಮಗ ಮೂರು ಸಲ ಬಡಿಸಿಕೊಂಡ. ಕಾರಣ ನನಗೆ ಗೊತ್ತಾಯಿತು. ಅಲ್ಲಿ ಯಾರೂ ಅವನನ್ನು "ಏನು ಬೇಕು ಪುಟ್ಟಾ?" ಅಂತ ಕೇಳಲಿಲ್ಲ.

ಊಟ ಮಾಡುತ್ತಲೇ ಅತ್ತೆ ಹೇಳಿದರು. ಇಲ್ಲಿರುವುದು ಮಂಜುನಾಥ, ಅಂದರೆ ಶಿವ. ಪೂಜೆ ಮಾಡುವವರು ವೈಷ್ಣವರು. ಕ್ಷೇತ್ರ ನೋಡಿಕೊಳ್ಳುವ ಹೆಗ್ಗಡೆಯವರ ಮನೆತನ ಜೈನರದು. "ಮೂರೂ ಜನ ಜಗಳ ಆಡಲ್ವಾ?" ಅಂದ ಮಗ. "ಅಲ್ಲಿ ಕಿಟಕಿ ಸೀಟು ಇಲ್ವಲ್ಲಪ್ಪ" ಅಂದರು ನಮ್ಮವರು.

ಸಂಜೆ ಬೆಟ್ಟದ ಮೇಲಿನ ಬಾಹುಬಲಿಯನ್ನು ನೋಡುವುದಕ್ಕೆ ಹೋದೆವು. 39 ಅಡಿ, ಒಂದೇ ಕಲ್ಲು. ರೆಂಜಾಳ ಗೋಪಾಲಕೃಷ್ಣ ಶೆಣೈ ಕಾರ್ಕಳದಲ್ಲಿ ಕೆತ್ತಿದ್ದು. ಪೂರ್ತಿ ಮೂರ್ತಿಯನ್ನು ಗಾಲಿಗಳ ವಾಹನದ ಮೇಲೆ ಮಲಗಿಸಿ ಇಲ್ಲಿಗೆ ತಂದರು. 1982ರಲ್ಲಿ ಪ್ರತಿಷ್ಠೆ ಆಯಿತು. ಮಗನಿಗೆ ಆ ವಾಹನಕ್ಕೆ ಎಷ್ಟು ಗಾಲಿ ಅನ್ನುವುದೇ ಮುಖ್ಯವಾಯಿತು. ಮಗಳು ಮಾತ್ರ ಕತ್ತೆತ್ತಿ ತುಂಬಾ ಹೊತ್ತು ನೋಡಿದಳು. ಆಮೇಲೆ ಸುತ್ತ ಇದ್ದವರಿಗೆಲ್ಲ ಕೇಳಿಸುವ ಹಾಗೆ, "ಅಣ್ಣ ಬರೀ ಶರ್ಟ್ ತೆಗೆಯೋಕೆ ಅಷ್ಟು ಅತ್ತ. ಇವರು ಎಲ್ಲಾ ತೆಗೆದಿದ್ದಾರೆ!" ಅಂದಳು.

ನಮ್ಮವರು ಆಕಾಶ ನೋಡಿದರು. ನಾನು ಚಪ್ಪಲಿ ಇಲ್ಲದ ಕಾಲು ನೋಡಿಕೊಂಡೆ. ಅತ್ತೆ ಅಲ್ಲೇ ಕಟ್ಟೆಯ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡರು. "ಇವರಿಗೂ ಒಬ್ಬ ಅಣ್ಣ ಇದ್ದ, ಭರತ ಅಂತ. ರಾಜ್ಯ ಯಾರದ್ದು ಅಂತ ಇಬ್ಬರಿಗೂ ಜಗಳ. ಸೈನ್ಯ ಎಲ್ಲ ಬೇಡ, ಜನ ಸಾಯ್ತಾರೆ, ನೀವಿಬ್ಬರೇ ಆಡಿ ಅಂದರು ಮಂತ್ರಿಗಳು. ಮೊದಲು ದೃಷ್ಟಿಯುದ್ಧ, ಯಾರು ರೆಪ್ಪೆ ಬಡೀತಾರೋ ಅವರು ಸೋತ ಹಾಗೆ. ಆಮೇಲೆ ನೀರು ಎರಚಾಡೋ ಜಲಯುದ್ಧ. ಕೊನೆಗೆ ಮಲ್ಲಯುದ್ಧ. ಮೂರರಲ್ಲೂ ಇವರೇ ಗೆದ್ದರು. ಅಣ್ಣನ್ನ ಎತ್ತಿ ಇನ್ನೇನು ನೆಲಕ್ಕೆ ಒಗೀಬೇಕು, ಥೂ ಇಷ್ಟಕ್ಕೆ ಇಷ್ಟೊಂದಾ ಅನ್ನಿಸಿಬಿಡ್ತು. ಮೆಲ್ಲಗೆ ಇಳಿಸಿದರು. ರಾಜ್ಯ ನೀನೇ ಇಟ್ಕೋ ಅಂದರು. ಬಟ್ಟೆನೂ ಬೇಡ ಅಂತ ಹೊರಟೇ ಹೋದರು."

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ನನಗೆ ಒಳಗೊಳಗೇ ಆಸೆ. ಈಗ ಯಾರಾದರೂ ಒಬ್ಬರು ಕಿಟಕಿ ಬಿಟ್ಟುಕೊಡುತ್ತಾರೆ ಅಂತ. ಮಗ ಹೇಳಿದ, "ಹಾಗಾದ್ರೆ ವಾಪಸ್ ಬಸ್ಸಲ್ಲಿ ಕಿಟಕಿ ಯಾರಿಗೆ ಅಂತ ದೃಷ್ಟಿಯುದ್ಧ ಮಾಡೋಣ."

ಮಾಡಿದರು. ರಾತ್ರಿ ಬಸ್ಸಿನಲ್ಲಿ ಎದುರುಬದುರು ಕೂತು ಕಣ್ಣು ಬಿಟ್ಟುಕೊಂಡರು. ಈ ಸಲ ಮಗಳಿಗೂ ಸೀಟು ಮಾಡಿಸಿದ್ದೆ, ತಪ್ಪಿನಿಂದ ಅಷ್ಟಾದರೂ ಕಲಿಯಬೇಕಲ್ವಾ. ಶುಂಠಿ, ನಿಂಬೆಹಣ್ಣು, ಪ್ಲಾಸ್ಟಿಕ್ ಕವರು ಮಡಿಲಲ್ಲಿಟ್ಟುಕೊಂಡು ಶಿರಾಡಿ ಘಾಟಿಗೆ ಕಾದೆ. ಬೇಕಾಗಲಿಲ್ಲ. ಘಾಟಿ ಶುರುವಾಗುವ ಮುಂಚೆಯೇ ಇಬ್ಬರ ರೆಪ್ಪೆಯೂ ಒಟ್ಟಿಗೆ ಮುಚ್ಚಿತು. ಕಿಟಕಿ ಪಕ್ಕದಲ್ಲಿ ಕೂತಿದ್ದು ನಾನು.

ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಬ್ಯಾಗು ಎಳೆದುಕೊಂಡು ಮೆಟ್ರೊ ಹತ್ತಿದೆವು. ಮಗಳು ಅಪ್ಪನ ಹೆಗಲ ಮೇಲೆ ನಿದ್ದೆಯಲ್ಲಿದ್ದಳು. ಬಾಗಿಲು ಮುಚ್ಚಿತು, ರೈಲು ಸ್ಟೇಷನ್ ಬೆಳಕು ದಾಟಿ ಕತ್ತಲೆಗೆ ನುಗ್ಗಿತು. ಎಲ್ಲಿತ್ತೋ ಅವಳಿಗೆ ಎಚ್ಚರ, ತಲೆ ಎತ್ತಿ "ಓ..." ಅಂತ ಕಿರುಚಿದಳು. ನಿದ್ದೆಗಣ್ಣಿನ ಬೋಗಿ ಪೂರ್ತಿ ಬೆಚ್ಚಿಬಿತ್ತು. ಒಬ್ಬರ ಕೈಯಿಂದ ಫೋನ್ ಬಿತ್ತು.

ಅತ್ತೆ ಯಾರ ಮುಖವನ್ನೂ ನೋಡಲಿಲ್ಲ. ಚೀಲದೊಳಗೆ ಕೈ ಹಾಕಿ ಜಪಮಾಲೆ ತೆಗೆದರು. ನಿಲ್ಲಿಸಿದ್ದ ಜಾಗ ಹುಡುಕಿ ಒಂದು ಮಣಿ ಸರಿಸಿದರು.

"ಐವತ್ತೇಳು."

"ಅಜ್ಜೀ, ಇದು ಲೆಕ್ಕಕ್ಕಿಲ್ಲ! ಇದು ಮೆಟ್ರೊ!" ಅಂದ ಮಗ.

ಮಾಲೆ ಆಗಲೇ ಚೀಲಕ್ಕೆ ಹೋಗಿತ್ತು.