ಸ್ಪೆಲಿಂಗ್ ಬೇರೆ, ಅರ್ಥ ಬೇರೆ: ಮಕ್ಕಳ ಇಂಗ್ಲಿಷ್ ಪರೀಕ್ಷೆ ಹೀಗೆ ಮಾಡಿ

ಮೂರು-ನಾಲ್ಕನೇ ತರಗತಿ ಮಕ್ಕಳಿಗೆ ಸ್ಪೆಲಿಂಗನ್ನೂ ಅರ್ಥವನ್ನೂ ಒಂದೇ ಪ್ರಶ್ನೆಯಲ್ಲಿ ಬೆರೆಸಿ ಕೇಳಬೇಡಿ. ಉತ್ತರ ತಪ್ಪಾದಾಗ ಯಾವುದು ಗೊತ್ತಿಲ್ಲ ಅಂತಲೇ ತಿಳಿಯುವುದಿಲ್ಲ.

ಅರ್ಥಕ್ಕೆ ಚಿತ್ರ ಸಾಕು. ನೀವು ಪದ ಹೇಳಿ, ಮಗು ನಾಲ್ಕು ಚಿತ್ರಗಳಲ್ಲಿ ಒಂದನ್ನು ಬೆರಳಿಟ್ಟು ತೋರಿಸಲಿ. ‘ಗೋಟ್’ ಕೇಳುವುದಾದರೆ ಆಡಿನ ಜೊತೆ ಕುರಿ, ಕೋಟು, ದೋಣಿ ಇರಲಿ: ಕುರಿ ಅರ್ಥದಲ್ಲಿ ಹತ್ತಿರ, ‘ಕೋಟ್’, ‘ಬೋಟ್’ ಸದ್ದಿನಲ್ಲಿ. ಸುಮ್ಮನೆ ಊಹಿಸಿದರೂ 20ಕ್ಕೆ ಸುಮಾರು 5 ಸರಿಯಾಗುತ್ತವೆ, ಹಾಗಾಗಿ 7 ಬಂತೆಂದು ಹಿಗ್ಗಬೇಡಿ. ಬಸ್ಸು, ಪೆನ್ನು ಬೇಡ, ಅವು ಮನೆಮಾತಲ್ಲೇ ಇವೆ. ತೀರ್ಥಹಳ್ಳಿ, ಹೊಸನಗರದ ಮಗುವಿಗೆ ಹಿಮದ ಗೊಂಬೆಯ ಚಿತ್ರ ಕೊಟ್ಟರೆ ಸೋಲುವುದು ಚಿತ್ರ, ಪದವಲ್ಲ. ಕಪ್ಪೆ, ಏಣಿ, ಕೊಡೆ, ಬುಟ್ಟಿ ಕೊಡಿ.

ಸ್ಪೆಲಿಂಗ್‌ಗೆ 10 ಪದಗಳ ಉಕ್ತಲೇಖನ. ಪದ ಹೇಳಿ, ಸಣ್ಣ ವಾಕ್ಯದಲ್ಲಿಟ್ಟು ಹೇಳಿ, ಮತ್ತೆ ಪದ ಹೇಳಿ, 10 ಸೆಕೆಂಡು ಬಿಡಿ. ಹಂಚಿನ ಮೇಲೆ ಮಳೆ ಬಡಿಯುತ್ತಿದ್ದರೆ ಮುಂದೂಡಿ. ಆ ಸದ್ದಲ್ಲಿ ಎಸ್, ಎಫ್ ಮುಳುಗಿಹೋಗುತ್ತವೆ.

ತಿದ್ದುವಾಗ ತಪ್ಪಿನ ಬಗೆ ನೋಡಿ. ಇದೇ ಮುಖ್ಯ. ‘ಮಿಲ್ಕ್’ಗೆ ಎಂ-ಐ-ಎಲ್-ಕೆ-ಯು ಬರೆದ ಮಗು ಕೊನೆಗೆ ಸ್ವರ ಸೇರಿಸುವ ಕನ್ನಡದ ರೂಢಿಯನ್ನೇ ಬರೆದಿದೆ. ‘ವಿಂಡೋ’ಗೆ ವಿ ಹಾಕಿದರೂ ಹಾಗೆಯೇ, ನಮಗೆ ‘ವ’ ಒಂದೇ ತಾನೆ. ‘ನೈಫ್’ಗೆ ಎನ್-ಐ-ಎಫ್-ಇ ಬರೆದವರ ಕಿವಿ ಸರಿಯಿದೆ, ಮೊದಲಿರುವ, ಉಚ್ಚಾರವಿಲ್ಲದ ಕೆ ಕಣ್ಣಿಂದಲೇ ಬರಬೇಕು, ಅರ್ಧ ಅಂಕ ಕೊಡಿ. ವಾರ ಬಿಟ್ಟು ಅದೇ 10 ಪದ, ಕ್ರಮ ಬದಲಿಸಿ ಕೇಳಿ. ಕಲಿಸಿದ ದಿನದ ಅಂಕವನ್ನು ನಂಬಬೇಡಿ.