ಅಂಗಡಿಯಲ್ಲಿ ಸರಿ, ಮಿಲ್ಲಿನಲ್ಲಿ ತಪ್ಪು: ಅಪ್‌ಡೇಟ್ ಆದ ಲ್ಯಾಪ್‌ಟಾಪಿನ ವೈಫೈ ಮತ್ತು ನಾನು

ಗಂಗಾವತಿಯಲ್ಲಿ ನನ್ನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಈಗ ಹನ್ನೊಂದು ವರ್ಷ. ವೈಫೈ ನಿಲ್ಲುತ್ತಿಲ್ಲ ಅಂತ ತಿಂಗಳಿಗೆ ಏಳೆಂಟು ಜನ ಬರುತ್ತಾರೆ. ಮುಕ್ಕಾಲು ಪಾಲು ಅರ್ಧ ಗಂಟೆಯ ಕೆಲಸ. ಈ ಒಂದು ಲ್ಯಾಪ್‌ಟಾಪ್ ಮಾತ್ರ ನನ್ನ ಐದು ವಾರ ತಿಂದಿತು. ಕೊಪ್ಪಳದಲ್ಲಿ ನಾನು ಕೆಲಸ ಕಲಿತ ಹಿರಿಯರು ಫೋನಿನಲ್ಲಿ ಕೇಳಿಸಿಕೊಂಡು, "ಬೋರ್ಡ್ ಹೋಗೈತಿ ತಮ್ಮಾ, ಸುಮ್ನ ಯಾಕ ತಲಿ ಕೆಡಿಸ್ಕೊಂತಿ" ಅಂದರು. ಹೊಸಪೇಟೆಯ ಗೆಳೆಯ ವೈಫೈ ಕಾರ್ಡ್ ಬದಲಿಸು ಅಂದ. ಬೋರ್ಡೂ ಹೋಗಿರಲಿಲ್ಲ, ಕಾರ್ಡೂ ಹೋಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್ ಕಾರಟಗಿ ರಸ್ತೆಯ ಒಂದು ರೈಸ್ ಮಿಲ್ಲಿನದು. ಎಎಂಡಿ ಪ್ರೊಸೆಸರ್, ಒಂದೇ ಆಂಟೆನಾದ ಕಾರ್ಡ್. ವಿಂಡೋಸಿನ ದೊಡ್ಡ ಅಪ್‌ಡೇಟ್ ಒಂದು ರಾತ್ರಿ ಇಳಿಯಿತು. ಮರುದಿನದಿಂದ ವೈಫೈ ಬಿಟ್ಟು ಬಿಟ್ಟು ಹೋಗತೊಡಗಿತು. ಅದೂ ಲೋಡ್ ಹೊರಡುವ ಹೊತ್ತಿಗೇ. 25 ಕೆಜಿ ಚೀಲದ ಬ್ರ್ಯಾಂಡ್ ಅಕ್ಕಿಗೆ ಜಿಎಸ್‌ಟಿ ಇದೆ, ಹಾಗಾಗಿ ಆನ್‌ಲೈನಿನಲ್ಲಿ ತೆಗೆಯುವ ಇ-ವೇ ಬಿಲ್ ಇಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಗುಮಾಸ್ತರು ಅರ್ಧ ವಿವರ ತುಂಬಿಸಿರುತ್ತಾರೆ, ನೆಟ್ ಹೋಗುತ್ತದೆ, ಮತ್ತೆ ಮೊದಲಿನಿಂದ ಲಾಗಿನ್. ಹೊರಗೆ ಡ್ರೈವರ್ "ಬಿಲ್ ಆಗೈತೇನ್ರಿ" ಅಂತ ಐದು ಸಲ ಬಂದು ಕೇಳಿರುತ್ತಾನೆ. ನನ್ನೆದುರೇ ಒಂದು ದಿನ ಒಂದೂವರೆ ಗಂಟೆ ಲಾರಿ ನಿಂತಿತು. ಸಾವ್ಕಾರ್ರು ನನಗೆ ಏನೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ಬೇಸರ ತಂದಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಡಿವೈಸ್ ಮ್ಯಾನೇಜರ್ ತೆಗೆದು, ಡ್ರೈವರನ್ನು (ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹಳೆಯದಕ್ಕೆ ಮರಳಿಸುವ ರೋಲ್ ಬ್ಯಾಕ್‌ಗೆ ಹೋದರೆ ಬಟನ್ ಮಸುಕು. ತಪ್ಪು ನನ್ನದೇ. ಅದಕ್ಕೆ ಒಂದು ವಾರದ ಹಿಂದೆ, ಅಪ್‌ಡೇಟ್ ಇಳಿದ ಮೇಲೆ, ಡಿಸ್ಕ್ ತುಂಬಿದೆ ಅಂತ ತಂದಿದ್ದರು. ಡಿಸ್ಕ್ ಕ್ಲೀನಪ್‌ನಲ್ಲಿ ಎಲ್ಲದಕ್ಕೂ ಟಿಕ್ ಹಾಕಿ ಒರೆಸಿದ್ದೆ. ಅದರಲ್ಲಿ ಹಳೆಯ ಡ್ರೈವರ್ ಪ್ಯಾಕೇಜುಗಳೂ ಸೇರಿರುತ್ತವೆ ಅನ್ನುವುದು ಗೊತ್ತಿದ್ದೂ ಮರೆತಿದ್ದೆ. ಈಗ ಯಾರದೇ ಲ್ಯಾಪ್‌ಟಾಪ್ ಆಗಲಿ, ಆ ಸಾಲಿನ ಟಿಕ್ ತೆಗೆದೇ ಮುಂದೆ ಹೋಗುತ್ತೇನೆ.

ಆಮೇಲೆ ನೆಟ್‌ವರ್ಕ್ ರೀಸೆಟ್ ಹೊಡೆದೆ. ಇದು ಇನ್ನೂ ದುಬಾರಿಯಾಯಿತು. ಸೇವ್ ಆದ ಪಾಸ್‌ವರ್ಡ್ ಹೋದವು. ಪ್ರಿಂಟರಿಗೆಂದು ಕೊಟ್ಟಿದ್ದ ಐಪಿ ಸೆಟ್ಟಿಂಗ್ ಹೋಯಿತು. ನೆಟ್‌ವರ್ಕ್ ಪಬ್ಲಿಕ್ ಆಗಿ ಕೂತು, ಪಕ್ಕದ ಕಂಪ್ಯೂಟರಿನಿಂದ ಲೆಕ್ಕದ ಫೋಲ್ಡರ್ ತೆರೆಯದಂತಾಯಿತು. ಅದನ್ನೆಲ್ಲ ಹಳೆಯ ಸ್ಥಿತಿಗೆ ತರಲು ರಾತ್ರಿ ಒಂಬತ್ತಾಯಿತು. ವೈಫೈ ಮರುದಿನ ಬೆಳಿಗ್ಗೆ ಎಂದಿನಂತೆ ಹೋಯಿತು. ಒಂದು ಕ್ಲಿಕ್ಕಿನ ಕೆಲಸ ಅಂತ ರೀಸೆಟ್‌ಗೆ ಕೈ ಹಾಕುವವರಿಗೆ ಹೇಳುತ್ತಿದ್ದೇನೆ: ಆಫೀಸ್ ಲ್ಯಾಪ್‌ಟಾಪಿನಲ್ಲಿ ಅದು ಕೊನೆಯ ಅಸ್ತ್ರ.

ಮೂರನೆಯದು ಕಾರ್ಡಿನ ಕಥೆ. ಗೆಳೆಯನ ಮಾತು ಕೇಳಿ ಆನ್‌ಲೈನಿನಲ್ಲಿ ಇಂಟೆಲ್ ಎಎಕ್ಸ್201 ತರಿಸಿದೆ. ಸುಮಾರು 1,400 ಕೊಟ್ಟೆ ಅಂತ ನೆನಪು. ಹಾಕಿದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸಲೇ ಇಲ್ಲ. ಸ್ಲಾಟು ಅದೇ, ಸ್ಕ್ರೂ ಅದೇ. ಆದರೆ 201 ಸಿಎನ್‌ವಿಐ ಕಾರ್ಡ್. ವೈಫೈನ ಅರ್ಧ ಭಾಗ ಇಂಟೆಲ್ ಚಿಪ್‌ಸೆಟ್ ಒಳಗೇ ಇರುತ್ತದೆ. ಎಎಂಡಿ ಬೋರ್ಡಿಗೆ ಎಎಕ್ಸ್200 ಅಥವಾ ಎಎಕ್ಸ್210 ಆಗಬೇಕು. ಒಂದು ಅಂಕಿ ನೋಡದೆ ಆತುರಪಟ್ಟೆ. ಆ ಕಾರ್ಡನ್ನು ಎರಡು ತಿಂಗಳಾದ ಮೇಲೆ ಒಂದು ಹತ್ತನೇ ಜನರೇಷನ್ ಲ್ಯಾಪ್‌ಟಾಪಿಗೆ ಹಾಕಿ ದುಡ್ಡು ಎತ್ತಿಕೊಂಡೆ.

ಅಲ್ಲಿಯವರೆಗೆ ಕೆಲಸ ನಿಲ್ಲಬಾರದಲ್ಲ, 350 ರೂಪಾಯಿಯ ವೈಫೈ ಯುಎಸ್‌ಬಿ ಡಾಂಗಲ್ ಕೊಟ್ಟೆ. ಅದೂ ಬಿಟ್ಟು ಬಿಟ್ಟು ಹೋಯಿತು. ಇಲ್ಲಿ ನಾನು ದಾರಿ ತಪ್ಪಿದೆ. ಆದರೆ ಒಂದು ಒಳ್ಳೆಯ ವಿಷಯ ಕೈಗೆ ಸಿಕ್ಕಿತು. ಬ್ಯಾಕಪ್ ಹಾರ್ಡ್ ಡಿಸ್ಕ್ ಡಾಂಗಲ್ ಪಕ್ಕದ ಪೋರ್ಟಿನಲ್ಲೇ ಇತ್ತು. ಅಂಥ ಡಿಸ್ಕಿನ ಯುಎಸ್‌ಬಿ 3.0 ಓಡುವಾಗ, ವೈಫೈ ಬಳಸುವ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಇದರ ಬಗ್ಗೆ 2012ರಲ್ಲೇ ಬರೆದಿತ್ತು. ಎರಡು ಸಂಜೆ ಅಂಗಡಿಯಲ್ಲಿ ಇದರ ಹಿಂದೆಯೇ ಬಿದ್ದೆ. ಡಿಸ್ಕ್ ಕಾಪಿ ಮಾಡುತ್ತಿದ್ದಾಗ ಲಿಂಕ್ ಸ್ಪೀಡ್ 72 ಎಂಬಿಪಿಎಸ್‌ನಿಂದ ಹತ್ತರ ಆಸುಪಾಸಿಗೆ ಬಿತ್ತು. ಕಾಪಿ ನಿಲ್ಲಿಸಿದರೆ ಮತ್ತೆ 72. ಡಿಸ್ಕಿನ ವೈರಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ. 30ರ ಮೇಲೆ ನಿಂತಿತು. ಡಾಂಗಲ್ಲನ್ನು ಒಂದು ಅಡಿ ಎಕ್ಸ್‌ಟೆನ್ಷನ್ ವೈರಿನಲ್ಲಿ ದೂರ ಇಟ್ಟೆ. ಫಾಯಿಲ್‌ಗಿಂತ ಅದೇ ಚೆನ್ನಾಗಿ ಕೆಲಸ ಮಾಡಿತು. ಮಿಲ್ಲಿನ ರೋಗಕ್ಕೆ ಇದು ಮದ್ದಲ್ಲ. ಆದರೆ ಆಮೇಲೆ ಬಂದ ಇಬ್ಬರು ಗಿರಾಕಿಗಳ ಕೆಲಸ ಇದರಿಂದಲೇ ಆಯಿತು.

ಈಗ ಮುಖ್ಯ ವಿಷಯ. ಮೂರು ಸಲ ಲ್ಯಾಪ್‌ಟಾಪ್ ಅಂಗಡಿಗೆ ತಂದೆ. ಮೂರು ಸಲವೂ ದಿನವಿಡೀ ಒಂದು ಪಿಂಗ್ (ನೆಟ್ ಇದೆಯೇ ಅಂತ ಕಳಿಸಿ ನೋಡುವ ಸಣ್ಣ ಸಂದೇಶ) ತಪ್ಪಲಿಲ್ಲ. ವಿಂಡೋಸ್ ಬದಲು ಉಬುಂಟು ಪೆನ್‌ಡ್ರೈವಿನಲ್ಲಿ ಬೂಟ್ ಮಾಡಿ ನಾಲ್ಕು ಗಂಟೆ ಬಿಟ್ಟೆ, ಅಲ್ಲೂ ಸರಿ. ಮಿಲ್ಲಿಗೆ ವಾಪಸ್ ಕೊಟ್ಟ ಕೂಡಲೇ ಅದೇ ಗೋಳು. ಮಿಲ್ಲಿನ ಮೋಟರ್ ಇರಬಹುದು, ವೇಬ್ರಿಜ್ ಇರಬಹುದು ಅಂತ ಅಲ್ಲಿನವರು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನೂ ರೂಟರಿನ ಸೆಟ್ಟಿಂಗ್ ತೆಗೆದು ಚಾನೆಲ್ 1, 6, 11 ಬದಲಿಸಿದೆ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸಿಗೆ ಕಟ್ಟಿದೆ. ಅದೇ ರೂಟರಿನಲ್ಲಿ ಗುಮಾಸ್ತರ ಫೋನ್ ಮಾತ್ರ ಒಮ್ಮೆಯೂ ಕಳಚಲಿಲ್ಲ. ಹಾಗಾದರೆ ತಪ್ಪು ಗಾಳಿಯಲ್ಲಿ ಇಲ್ಲ, ಲ್ಯಾಪ್‌ಟಾಪಿನಲ್ಲೇ ಇದೆ. ಆದರೆ ಅಂಗಡಿಯಲ್ಲಿ ಯಾಕೆ ಬರುವುದಿಲ್ಲ?

ಆಗ ಕೈ ಕಟ್ಟಿ ಕೂರುವುದೇ ಸರಿ ಅನಿಸಿತು. ಏನನ್ನೂ ಬದಲಿಸಲಿಲ್ಲ. ಎರಡು ಕಪ್ಪು ಕಮಾಂಡ್ ಕಿಟಕಿ ತೆರೆದು, ಒಂದರಲ್ಲಿ ರೂಟರಿಗೆ, ಇನ್ನೊಂದರಲ್ಲಿ ಹೊರಗಿನ ವಿಳಾಸಕ್ಕೆ ಪಿಂಗ್ ಬಿಟ್ಟೆ. ಎರಡೂ ಒಟ್ಟಿಗೇ ಸತ್ತವು. ಫೈಬರ್ ಲೈನಿನ ಅನುಮಾನ ಅಲ್ಲಿಗೇ ಮುಗಿಯಿತು. ಮೂರು ದಿನ ಬಿಟ್ಟು ಹೋಗಿ ವಿಂಡೋಸಿನ ನೆಟ್‌ಶೆಲ್ ಕಮಾಂಡಿನ ವೈಫೈ ರಿಪೋರ್ಟ್ ತೆಗೆದೆ. ಅದು ಹಿಂದಿನ ಮೂರು ದಿನದ ಕನೆಕ್ಷನ್ ಚರಿತ್ರೆಯನ್ನು ಗಂಟೆ, ನಿಮಿಷ ಸಮೇತ ಕೊಡುತ್ತದೆ. ರಿಪೇರಿ ಮಾಡುವವರಾದರೆ ಇದನ್ನು ನೀವೂ ತೆಗೆದಿರುತ್ತೀರಿ. ನಾನು ಮಾಡಿದ ಹೊಸ ಕೆಲಸ ಒಂದೇ: ಪವರ್‌ಸಿಎಫ್‌ಜಿ ಅನ್ನುವ ವಿಂಡೋಸ್ ಕಮಾಂಡಿನ ಬ್ಯಾಟರಿ ರಿಪೋರ್ಟನ್ನೂ ತೆಗೆದು ಪಕ್ಕಕ್ಕೆ ಇಟ್ಟೆ. ಲ್ಯಾಪ್‌ಟಾಪ್ ಯಾವ ಹೊತ್ತಿಗೆ ಚಾರ್ಜರಿನಿಂದ ಬ್ಯಾಟರಿಗೆ ಇಳಿಯಿತು ಅನ್ನುವುದು ಅದರಲ್ಲಿ ಇರುತ್ತದೆ. ಎರಡನ್ನೂ ಪ್ರಿಂಟ್ ಹಾಕಿ ಪೆನ್ನಿನಿಂದ ಗೆರೆ ಎಳೆದೆ. 11 ಗಂಟೆ 10ಕ್ಕೆ ಬ್ಯಾಟರಿ, 11 ಗಂಟೆ 14ಕ್ಕೆ ವೈಫೈ ಕಟ್. ಮಧ್ಯಾಹ್ನ ಮತ್ತೆ ಹಾಗೇ. ಮೂರು ದಿನದಲ್ಲಿ ಹದಿನೇಳೋ ಹದಿನೆಂಟೋ ಕಟ್ ಇದ್ದವು. ಒಂದೆರಡು ಬಿಟ್ಟು ಎಲ್ಲವೂ ಬ್ಯಾಟರಿಗೆ ಇಳಿದ ಐದು ನಿಮಿಷದೊಳಗೆ. ಇದನ್ನು ಈ ಭಾಗದಲ್ಲಿ ಬೇರೆ ಯಾರೂ ಮಾಡಿದ್ದು ನಾನಂತೂ ನೋಡಿಲ್ಲ.

ಗುಮಾಸ್ತರನ್ನು ಕೇಳಿದೆ, "ಚಾರ್ಜರ್ ಯಾಕ ತೆಗಿತೀರಿ ಯಜಮಾನ್ರೇ?" ಅವರು ಗೋಡೆ ತೋರಿಸಿದರು. ಬೋರ್ಡಿನಲ್ಲಿ ಎರಡೇ ಸಾಕೆಟ್. ಒಂದು ರೂಟರಿಗೆ. ಇನ್ನೊಂದರಲ್ಲಿ ಲ್ಯಾಪ್‌ಟಾಪ್. ಲೋಡ್ ಬಂದಾಗ ಲ್ಯಾಪ್‌ಟಾಪಿನ ಪ್ಲಗ್ ಕಿತ್ತು ಪ್ರಿಂಟರ್ ಹಾಕಿ ಇನ್‌ವಾಯ್ಸ್ ತೆಗೆಯುತ್ತಾರೆ. ಆಮೇಲೆ ಇ-ವೇ ಬಿಲ್ಲಿಗೆ ಕೂರುತ್ತಾರೆ. ಬ್ಯಾಟರಿ ಚೆನ್ನಾಗಿದೆ, ಹಾಗಾಗಿ ಯಾರ ಗಮನಕ್ಕೂ ಬಂದಿಲ್ಲ. ನನ್ನ ಅಂಗಡಿಯಲ್ಲಿ ಬಂದ ಲ್ಯಾಪ್‌ಟಾಪಿಗೆ ಮೊದಲು ಮಾಡುವ ಕೆಲಸವೇ ಚಾರ್ಜರ್ ಚುಚ್ಚುವುದು. ಲೈವ್ ಪೆನ್‌ಡ್ರೈವಿನ ಪರೀಕ್ಷೆಯನ್ನೂ ಚಾರ್ಜರಿನಲ್ಲೇ ಮಾಡಿದ್ದೆ. ಐದು ವಾರ ಹೋದದ್ದು ಇದಕ್ಕೆ.

ಅಲ್ಲೇ ಚಾರ್ಜರ್ ಕಿತ್ತೆ. ನಾಲ್ಕು ನಿಮಿಷಕ್ಕೆ ಪಿಂಗ್ ಒದ್ದಾಡಿ ಸತ್ತಿತು. ಚುಚ್ಚಿದೆ, ಬಂತು. ಐದು ಸಲ ಮಾಡಿ ಸಾವ್ಕಾರ್ರಿಗೂ ತೋರಿಸಿದೆ. ಉಬುಂಟುವಿನಲ್ಲಿ ಬ್ಯಾಟರಿ ಮೇಲೆಯೇ ಒಂದು ಗಂಟೆ ಓಡಿಸಿದೆ, ಒಂದೂ ಕಟ್ ಇಲ್ಲ. ಅಂದರೆ ಕಾರ್ಡ್, ಆಂಟೆನಾ ಎಲ್ಲ ಗಟ್ಟಿ. ಅಪ್‌ಡೇಟ್ ಜೊತೆ ಬಂದ ಹೊಸ ಡ್ರೈವರ್ ಬ್ಯಾಟರಿಯಲ್ಲಿ ಕಾರ್ಡನ್ನು ನಿದ್ದೆಗೆ ಕಳಿಸುತ್ತಿತ್ತು, ಎಬ್ಬಿಸಲು ಬರುತ್ತಿರಲಿಲ್ಲ. ಕೊಪ್ಪಳದ ಹಿರಿಯರಿಗೆ ಅಲ್ಲಿಂದಲೇ ವಿಡಿಯೋ ಕಳಿಸಿದೆ.

ಅವತ್ತಿನ ಮಟ್ಟಿಗೆ 250 ರೂಪಾಯಿಯ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿಸಿದೆ. ಸಾಕಲ್ವಾ ಅಂತ ಸಾವ್ಕಾರ್ರು ಕೇಳಿದರು. ಸಾಲದು. ಸ್ಟಾಕ್ ಎಣಿಸಲು ಗೋಡೌನಿಗೆ ಒಯ್ಯುತ್ತಾರೆ, ಅಲ್ಲಿ ಬ್ಯಾಟರಿಯೇ ಗತಿ. ಪವರ್ ಪ್ಲ್ಯಾನಿನಲ್ಲಿ ವೈರ್‌ಲೆಸ್ ಅಡಾಪ್ಟರನ್ನು ಮ್ಯಾಕ್ಸಿಮಮ್ ಪರ್ಫಾರ್ಮೆನ್ಸಿಗೆ ಇಡೋಣ ಅಂದರೆ ಆ ಸಾಲೇ ಇಲ್ಲ. ಮಾಡರ್ನ್ ಸ್ಟ್ಯಾಂಡ್‌ಬೈ (ಫೋನಿನಂತೆ ಅರೆನಿದ್ದೆಯಲ್ಲಿ ಇರುವ ವ್ಯವಸ್ಥೆ) ಇರುವ ಲ್ಯಾಪ್‌ಟಾಪುಗಳಲ್ಲಿ ಅದು ಮರೆಯಾಗಿರುತ್ತದೆ. ಡಿವೈಸ್ ಮ್ಯಾನೇಜರಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಕೂಡ ಹಾಗೇ. ಪವರ್ ಪ್ಲ್ಯಾನಿನ ಆ ಸಾಲನ್ನು ಹೊರಗೆ ತರುವ ದಾರಿ ಇದೆ. ನನ್ನ ಪೆನ್‌ಡ್ರೈವಿನಲ್ಲಿ ನಾಲ್ಕು ಸಾಲಿನ ಫೈಲಾಗಿ ಇಟ್ಟಿದ್ದೇನೆ. ಅದು ಅಂಗಡಿಯ ಸೊತ್ತು, ಇಲ್ಲಿ ಬರೆಯುವುದಿಲ್ಲ. ಹುಡುಕುವವರಿಗೆ ಪವರ್‌ಸಿಎಫ್‌ಜಿಯಲ್ಲೇ ಸಿಗುತ್ತದೆ.

ಅದರಿಂದ ಕಟ್ ಅರ್ಧಕ್ಕರ್ಧ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಹಳೆಯ ಡ್ರೈವರೇ ಬೇಕು ಅಂತ ಗಟ್ಟಿಯಾಯಿತು. ಚಿಪ್ ಕಂಪನಿಯದಲ್ಲ, ಲ್ಯಾಪ್‌ಟಾಪ್ ಕಂಪನಿ ತನ್ನ ಪುಟದಲ್ಲಿ ಆ ಮಾಡೆಲ್‌ಗೆ ಇಟ್ಟಿರುವುದು. ಯಾವ ಆವೃತ್ತಿ ಅನ್ನುವುದೂ ನನ್ನಲ್ಲೇ ಇರಲಿ, ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ ಆಗುತ್ತದೆ. ಕ್ರಮ ಮಾತ್ರ ಹೇಳುತ್ತೇನೆ. ಮೊದಲು ನೆಟ್ ಪೂರ್ತಿ ಕಟ್ ಮಾಡಿ, ಇಲ್ಲದಿದ್ದರೆ ನೀವು ತೆಗೆಯುವಷ್ಟರಲ್ಲಿ ಹೊಸದು ವಾಪಸ್ ಬಂದು ಕೂರುತ್ತದೆ. ಪಿಎನ್‌ಪಿ ಯುಟಿಲ್ ಅನ್ನುವ ಕಮಾಂಡಿನಲ್ಲಿ ಆ ಡ್ರೈವರಿನ ಒಇಎಂ ನಂಬರ್ ನೋಡಿ, ವಿಂಡೋಸ್ ಡ್ರೈವರುಗಳನ್ನು ಕೂಡಿಡುವ ಡ್ರೈವರ್ ಸ್ಟೋರಿನಿಂದಲೇ ಅಳಿಸಿ. ಬರೀ ಅನ್‌ಇನ್‌ಸ್ಟಾಲ್ ಸಾಲದು. ಆಮೇಲೆ ಹಳೆಯದನ್ನು ಹಾಕಿ. ಅಷ್ಟು ಮಾಡಿ 800 ರೂಪಾಯಿ ತೆಗೆದುಕೊಂಡು ಬಂದೆ.

ಮುಂದಿನ ತಿಂಗಳ ಅಪ್‌ಡೇಟ್ ಬಂತು, ಹೊಸ ಡ್ರೈವರ್ ಮತ್ತೆ ಬಂತು, ಗುಮಾಸ್ತರ ಫೋನೂ ಬಂತು. ಅಳಿಸಿದ್ದೆ, ಬಾಗಿಲು ಹಾಕಿರಲಿಲ್ಲ. ಹೋಮ್ ಎಡಿಷನ್‌ನಲ್ಲಿ ಗ್ರೂಪ್ ಪಾಲಿಸಿ (ಇಂಥ ನಿಯಮ ಹಾಕುವ ಜಾಗ) ಇರುವುದಿಲ್ಲ, ಹಾಗಾಗಿ ರಿಜಿಸ್ಟ್ರಿಯಲ್ಲಿ ಅಪ್‌ಡೇಟ್ ಜೊತೆ ಡ್ರೈವರ್ ಬೇಡ ಅನ್ನುವ ಮೌಲ್ಯವನ್ನು 1 ಮಾಡಿದೆ. ಇದರಿಂದ ಬೇರೆ ಡ್ರೈವರುಗಳೂ ತಾವಾಗಿ ಬರುವುದಿಲ್ಲ. ಗಿರಾಕಿಗೆ ಅದನ್ನು ಹೇಳಿ, ಮೂರು ತಿಂಗಳಿಗೊಮ್ಮೆ ತರಲು ಹೇಳುತ್ತೇನೆ. ಎರಡನೇ ಸಲಕ್ಕೆ ದುಡ್ಡು ಕೇಳಲಿಲ್ಲ. ಪೆಟ್ರೋಲು, ಡಾಂಗಲ್ ಎಲ್ಲ ಲೆಕ್ಕ ಹಾಕಿದರೆ ಈ ಕೆಲಸದಲ್ಲಿ ನನಗೆ ಉಳಿದದ್ದು ಏನೂ ಇಲ್ಲ. ಸಾವ್ಕಾರ್ರು ಮಾತ್ರ ಒಂದು ಚೀಲ ಸೋನಾ ಮಸೂರಿ ಕಳಿಸಿದರು.

ಅದು ಎಂಟು ತಿಂಗಳ ಹಿಂದಿನ ಮಾತು. ಆ ಲ್ಯಾಪ್‌ಟಾಪಿನ ವೈಫೈ ಇವತ್ತಿಗೂ ಗಟ್ಟಿ ನಿಂತಿದೆ. ಇದೇ ದಾರಿಯಲ್ಲಿ ಈವರೆಗೆ ಹದಿನಾಲ್ಕು ಲ್ಯಾಪ್‌ಟಾಪ್ ನೋಡಿದೆ, ತಲಾ 500. ಒಂದು ಉಬುಂಟುವಿನದು, ಕಾಲೇಜು ಹುಡುಗನದು. ಅಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ಪವರ್‌ಸೇವ್ ಫೈಲಿನಲ್ಲಿ 3 (ಪವರ್ ಉಳಿಸು) ಇದ್ದದ್ದನ್ನು 2 (ಉಳಿಸಬೇಡ) ಮಾಡಿದ್ದಷ್ಟೇ ಕೆಲಸ. ಹನ್ನೊಂದು ಸರಿಯಾದವು. ಉಳಿದ ಮೂರರಲ್ಲಿ ಒಂದಕ್ಕೆ ಹಿಂಜ್ ಹತ್ತಿರ ಆಂಟೆನಾ ವೈರ್ ತುಂಡಾಗಿತ್ತು. ಇನ್ನೊಂದರ ಕಾರ್ಡ್ ನಿಜಕ್ಕೂ ಸತ್ತಿತ್ತು. ಮೂರನೆಯದನ್ನು ಕಳಿಸಿದವರು ಕೊಪ್ಪಳದ ನನ್ನ ಹಿರಿಯರೇ. "ನೀನ ನೋಡಪಾ" ಅಂತ ಚೀಟಿ ಬರೆದು ಬಸ್ಸಿನಲ್ಲಿ ಹಾಕಿದ್ದಾರೆ. ಅದು ಚಾರ್ಜರಿನಲ್ಲಿದ್ದಾಗ ಬೀಳುತ್ತದೆ, ಬ್ಯಾಟರಿಯಲ್ಲಿ ನಿಲ್ಲುತ್ತದೆ. ಚಾರ್ಜರ್ ಬದಲಿಸಿ ನೋಡುತ್ತಿದ್ದೇನೆ.