ಹಾಡು, ಜಾತಿ, ಪಿಎಚ್‌ಡಿ: ಧಾರವಾಡದಿಂದ ಶುರು ಮಾಡುವುದು ಹೇಗೆ

ಸಂಗೀತದ ಇತಿಹಾಸದ ಮೇಲೆ ಪಿಎಚ್‌ಡಿ ಮಾಡಬೇಕು ಅನ್ನುವವರು ಹೆಚ್ಚಾಗಿ ಒಂದೇ ವಿಷಯ ಹಿಡಿದು ಬರುತ್ತಾರೆ. 'ಹಿಂದೂಸ್ತಾನಿ ಸಂಗೀತಕ್ಕೆ ಧಾರವಾಡದ ಕೊಡುಗೆ'. ದಯವಿಟ್ಟು ಇದನ್ನು ಬಿಡಿ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ದೊಡ್ಡ ಗಾಯಕರು ಅಂತ ಸಾಬೀತು ಮಾಡಲು ಪ್ರಬಂಧ ಯಾಕೆ? ಅದು ಅಭಿನಂದನ ಗ್ರಂಥದ ಕೆಲಸ.

ಯಾರು ಯಾರ ಹತ್ತಿರ ಕಲಿತರು, ಯಾರ ಮನೆಯಲ್ಲಿ ಹಾಡಿದರು, ಹಾಡು ಮುಗಿದ ಮೇಲೆ ಊಟಕ್ಕೆ ಎಲ್ಲಿ ಕೂರಿಸಿದರು, ಯಾವ ಸಮುದಾಯದ ವಾದ್ಯ ವೇದಿಕೆ ಹತ್ತಿತು, ಯಾವುದು ಜಾತ್ರೆಯಲ್ಲೇ ಉಳಿಯಿತು, ದುಡ್ಡು ಕೊಟ್ಟವರು ಯಾರು. ನಿಮ್ಮ ಕೆಲಸ ಇಲ್ಲಿಂದ ಶುರು. ಒಂದು ಉದಾಹರಣೆ ಕೊಡುತ್ತೇನೆ. ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ 1940ರಿಂದ 1971ರ ತನಕ ನಿಷೇಧವಿತ್ತು. ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಹಾಗಾದರೆ ನಾಟಕ ಕಂಪನಿಗಳ ಹಾರ್ಮೋನಿಯಂ ಮಾಸ್ತರರಿಗೂ ಊರೂರ ಭಜನಾ ಮೇಳದವರಿಗೂ ಆ ವರ್ಷಗಳಲ್ಲಿ ರೇಡಿಯೋ ಬಾಗಿಲು ಎಷ್ಟು ತೆರೆದಿತ್ತು? ಇನ್ನೊಂದು. ಗಂಗೂಬಾಯಿಯವರ ಮೊದಮೊದಲ ರೆಕಾರ್ಡುಗಳು ಬಂದದ್ದು 'ಗಾಂಧಾರಿ ಹುಬ್ಳಿ' ಅನ್ನುವ ಹೆಸರಿನಲ್ಲಿ. ಯಾಕೆ ಹಾಗೆ? ಶಾಸ್ತ್ರೀಯ ಸಂಗೀತ ಬೇಡ ಅನ್ನುವವರಿಗೆ ದೇವಿಯ ಕಥೆ ಹಾಡುವ ಗೊಂದಲಿಗರಿದ್ದಾರೆ, ವಂಶಾವಳಿ ಹೇಳುವ ಹೆಳವರಿದ್ದಾರೆ, ಡೊಳ್ಳಿನ ಮೇಳಗಳಿವೆ, ಹಿಂದೂ ಮುಸ್ಲಿಂ ಇಬ್ಬರೂ ಸೇರಿ ಹಾಡುವ ಮೊಹರಂ ರಿವಾಯತ ಪದಗಳಿವೆ. ಪ್ರಶ್ನೆ ಚಿಕ್ಕದಿರಲಿ, ಆದರೆ ಚುಚ್ಚುವಂತಿರಲಿ.

ಎಂ.ಎ. ಯಾವುದರಲ್ಲಿ ಮಾಡಬೇಕು? ನಾನಾದರೆ ಇತಿಹಾಸ ಅನ್ನುತ್ತೇನೆ, ಇಲ್ಲದಿದ್ದರೆ ಮಾನವಶಾಸ್ತ್ರ. ಸಂಗೀತದಲ್ಲೇ ಮಾಡಿದರೆ ತಪ್ಪೇನಿಲ್ಲ, ಆದರೆ ಮುಂದೆ ನೌಕರಿ ಅರ್ಜಿಯಲ್ಲಿ ಎಲ್ಲರೂ ಮೊದಲು ನೋಡುವುದು ಎಂ.ಎ. ವಿಷಯದ ಆ ಒಂದು ಸಾಲನ್ನೇ. ಹಾಡಲು ಬರಬೇಕಾ ಅಂತ ಕೇಳುತ್ತಾರೆ. ಕಚೇರಿ ಕೊಡುವಷ್ಟು ಬೇಡ. ಆದರೆ ಗುರುಗಳ ಮುಂದೆ ಕೆಲವು ವರ್ಷ ಕೂತು ಬೈಸಿಕೊಂಡಿರಬೇಕು, ಇಲ್ಲದಿದ್ದರೆ ಹಾಡುವವರು ನಿಮ್ಮ ಹತ್ತಿರ ಮೇಲುಮೇಲಿನ ಮಾತಷ್ಟೇ ಆಡಿ ಕಳಿಸುತ್ತಾರೆ.

ಇನ್ನು ಭಾಷೆ. ನಮ್ಮ ಕಡೆಯ ಹುಡುಗರಿಗೆ ಇದೇ ದೊಡ್ಡ ಬಂಡವಾಳ, ಯಾರೂ ಬಳಸುವುದಿಲ್ಲ. ಧಾರವಾಡ ಜಿಲ್ಲೆ 1956ರ ತನಕ ಮುಂಬೈ ಆಡಳಿತದಲ್ಲಿತ್ತು. ಗಾಯಕ ಸವಾಯಿ ಗಂಧರ್ವರ ಕುಂದಗೋಳ ಬ್ರಿಟಿಷರ ಕಾಲದಲ್ಲಿ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಸವಣೂರು ನವಾಬರದ್ದು. ಬಸ್ಸಿನಲ್ಲಿ ಒಂದೆರಡು ತಾಸಿನ ಈ ಮೂರು ಊರಿನ ಕಾಗದಪತ್ರ ಮೂರು ಕಡೆ ಚದುರಿವೆ. ಹಾಗಾಗಿ ಮರಾಠಿ ಓದಲು ಬರಲೇಬೇಕು. ಮರಾಠಿಯ ಹಳೆಯ ಕೈಬರಹದ ಮೋಡಿ ಲಿಪಿ ಕಲಿತರೆ ಬೇರೆಯವರು ಮುಟ್ಟದ ಕಡತ ನಿಮ್ಮ ಪಾಲಿಗೆ ಬರುತ್ತದೆ. ಮುಂಬೈನಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಒಮ್ಮೆಯಾದರೂ ಹೋಗಿ ಕೂರಿ. 1884ರ ಧಾರವಾಡ ಗೆಜೆಟಿಯರ್‌ನಲ್ಲಿ ಜಾತಿವಾರು ವಿವರ ಬೇಕಾದಷ್ಟಿದೆ, ಆದರೆ ಅದು ಕಲೆಕ್ಟರ್ ಕಚೇರಿಯ ಕಣ್ಣು ಅನ್ನುವುದನ್ನು ಮರೆತು ಹಾಗೇ ಎತ್ತಿ ಬರೆದರೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಸಿಕ್ಕಿಬೀಳುತ್ತೀರಿ. ಹಳೆಯ ರೆಕಾರ್ಡಿಂಗ್ ಕೇಳಲು ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗೀತ ಸಂಗ್ರಹಾಲಯವಿದೆ, 1982ರಿಂದ ನಡೆಯುತ್ತಿದೆ.

ಮನೆಗಳಿಗೆ ಹೋಗಿ ಮಾತಾಡಿಸುವುದೇ ಕಷ್ಟದ ಭಾಗ. ಮೊದಲ ಭೇಟಿಯಲ್ಲೇ ಜಾತಿ ಕೇಳಬೇಡಿ. ಅಜ್ಜ ಯಾವ ಕಂಪನಿಯಲ್ಲಿದ್ದರು, ಯಾವ ಜಾತ್ರೆಗೆ ಕರೆ ಬರುತ್ತಿತ್ತು, ವಾದ್ಯ ಯಾರು ಮಾಡಿಕೊಡುತ್ತಿದ್ದರು ಅಂತ ಕೇಳಿ, ಜಾತಿ ತಾನಾಗಿ ಮಾತಿಗೆ ಬರುತ್ತದೆ. ಯಲ್ಲಮ್ಮನ ಸೇವೆಯ ಜೋಗತಿಯರ ಮನೆಗೆ, ಹಿಂದೆ ದೇವದಾಸಿಯರಿದ್ದ ಮನೆತನಗಳಿಗೆ ಹೋದಾಗ ಇನ್ನೂ ಹುಷಾರಾಗಿರಿ. ಹುಡುಗಿಯರನ್ನು ದೇವರಿಗೆ ದೇವದಾಸಿಯಾಗಿ ಬಿಡುವುದನ್ನು ಮುಂಬೈ ಪ್ರಾಂತ್ಯ 1934ರಲ್ಲಿ, ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ನಿಮಗೆ ಅದು ಇತಿಹಾಸ, ಆ ಮನೆಯವರು ಮೊಮ್ಮಗಳಿಗೆ ಗಂಡು ನೋಡುತ್ತಿರುತ್ತಾರೆ. ಹೆಸರು ಬದಲಿಸಿ ಅಂದರೆ ಬದಲಿಸಿ. ರೆಕಾರ್ಡರ್ ಆರಿಸಿ ಅಂದರೆ ಆರಿಸಿ, ಆಮೇಲೆ ಹೊರಗೆ ಬಂದು ಅದನ್ನೇ ನೆನಪಿನಿಂದ ಬರೆದು ಪ್ರಕಟಿಸುವ ಜಾಣತನ ಬೇಡ. ರಾತ್ರಿಯಿಡೀ ಹಾಡಿದವರಿಗೆ ಆ ದಿನದ ದುಡಿಮೆ ಕೊಡಿ, ರೆಕಾರ್ಡಿಂಗ್‌ನ ಒಂದು ಪ್ರತಿ ಕೊಡಿ. ಸುಮ್ನೆ ಶಾಲು ಹೊದಿಸಿ ಬರಬೇಡಿ.

ಹೊಟ್ಟೆಪಾಡಿನ ಮಾತಿಗೆ ಬರೋಣ. ಉಪನ್ಯಾಸಕರಾಗಲು ಬರೆಯುವ ಅರ್ಹತಾ ಪರೀಕ್ಷೆ ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಇತಿಹಾಸದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಪದಗಳನ್ನು ಬೇರೆಯಾಗಿ ರೂಢಿ ಮಾಡಿಕೊಳ್ಳಬೇಕು. ಇದು ಅನ್ಯಾಯ ಹೌದು, ಆದರೆ ಅದರಲ್ಲಿ ಮೇಲಿನ ಅಂಕ ಬಂದು ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರಲ್ಲಿ ಏರಿಸಿದ ಲೆಕ್ಕದಂತೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಬಿಡುವ ಮಾತಲ್ಲ. ಪಿಎಚ್‌ಡಿಗೆ ಕಡಿಮೆ ಅಂದರೆ ಮೂರು ವರ್ಷ, ಹೆಚ್ಚೆಂದರೆ ಆರು. ಕರ್ನಾಟಕ ವಿಶ್ವವಿದ್ಯಾಲಯ ಇದ್ದೇ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ, ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಆದರೆ ವಿಶ್ವವಿದ್ಯಾಲಯಕ್ಕಿಂತ ಗೈಡ್ ಮುಖ್ಯ. ಅವರ ಹಳೆಯ ವಿದ್ಯಾರ್ಥಿಗಳನ್ನು ಚಹಾಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿ: ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ?

ತಿರುಗಾಟಕ್ಕೆ ದುಡ್ಡು ಬೇಕಾದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್ ಸಿಕ್ಕರೆ ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿ ಕೂತು ಬರೆಯಬಹುದು, ಅಲ್ಲಿ ಎಥ್ನೋಮ್ಯೂಸಿಕಾಲಜಿಗೆ, ಅಂದರೆ ಸಂಗೀತವನ್ನು ಸಮಾಜದ ಜೊತೆಗಿಟ್ಟು ಓದುವ ಶಾಸ್ತ್ರಕ್ಕೆ, ಬೇರೆ ವಿಭಾಗಗಳೇ ಇವೆ.

ಪದವಿ ಬಂದ ಮೇಲೆ ಕೆಲವು ವರ್ಷ ಅತಿಥಿ ಉಪನ್ಯಾಸಕರಾಗಿ ದುಡಿಯುವುದು ಹೆಚ್ಚಿನವರಿಗೆ ತಪ್ಪುವುದಿಲ್ಲ. ಸಂಬಳ ತಡವಾಗುತ್ತದೆ, ತರಗತಿ ಜಾಸ್ತಿ ಇರುತ್ತವೆ. ಆಗಲೇ ಬರವಣಿಗೆ ನಿಂತುಹೋಗುವುದು. ವರ್ಷಕ್ಕೆ ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು ಲೇಖನ ಬರಲಿ. ಇಂಗ್ಲಿಷಿನದು ಸಂದರ್ಶನ ಸಮಿತಿಗೆ. ಕನ್ನಡದ್ದನ್ನು ನಿಮಗೆ ಹಾಡಿ ತೋರಿಸಿದವರ ಮನೆಗೆ ಒಯ್ದು ಕೊಡಿ, ತಪ್ಪಿದ್ದರೆ ಅವರೇ ತಿದ್ದುತ್ತಾರೆ, ಮುಂದಿನ ಲೇಖನಕ್ಕೆ ವಿಷಯವೂ ಅಲ್ಲೇ ಸಿಗುತ್ತದೆ.